'ನಿನ್ನ ಚಿತ್ತದಂತೆ ಆಗಲಿ' ಅನ್ನೋದಕ್ಕೆ ಮುಂಚೆ

ಕಷ್ಟ ಬಂದಾಗ ನಮ್ಮಲ್ಲಿ ಬಹಳ ಜನ ಪ್ರಾರ್ಥನೆಯನ್ನು 'ನಿನ್ನ ಚಿತ್ತದಂತೆ ಆಗಲಿ ಕರ್ತನೇ' ಅಂತಲೇ ಶುರು ಮಾಡಿ ಅಲ್ಲೇ ಮುಗಿಸಿಬಿಡುತ್ತಾರೆ. ಕೇಳೋಕೆ ಭಕ್ತಿ ಅನ್ನಿಸುತ್ತದೆ. ಎಷ್ಟೋ ಸಲ ಅದು ಬರೀ ಸುಸ್ತು.

ಸತ್ಯವೇದದಲ್ಲಿ ಮತ್ತಾಯ 26ನೇ ಅಧ್ಯಾಯವನ್ನು ನಿಧಾನವಾಗಿ ಓದಿ. ಸೆರೆಯಾಗುವ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು ಬೋರಲು ಬಿದ್ದು ಮೊದಲು ಕೇಳಿದ್ದು, ಸಾಧ್ಯವಿದ್ದರೆ ಈ ಪಾತ್ರೆ, ಅಂದರೆ ಮುಂದಿರುವ ಸಂಕಟ, ನನ್ನನ್ನು ಬಿಟ್ಟುಹೋಗಲಿ ಅಂತ (ವಚನ 39). ಒಪ್ಪಿಸಿಕೊಡುವ ಮಾತು ಅದರ ಬೆನ್ನಿಗೇ ಬರುತ್ತದೆ, ಆದರೆ ಬೇಡಿಕೆಯ ನಂತರ. ಎರಡನೇ ಸಲ (42) ಧಾಟಿ ಬದಲಾಗಿದೆ: ನಾನು ಕುಡಿಯದೆ ಇದು ಹೋಗದಿದ್ದರೆ, ನಿನ್ನ ಚಿತ್ತದಂತೆ ಆಗಲಿ. ಮೂರನೇ ಸಲ ಮತ್ತೆ ಅದೇ ಮಾತು. ನಡುವೆ ಎದ್ದು ಬಂದು ನೋಡಿದರೆ ಶಿಷ್ಯರು ನಿದ್ದೆಯಲ್ಲಿ! ಅಪೊಸ್ತಲ ಪೌಲನೂ ತನ್ನ ಶರೀರದಲ್ಲಿ ನಾಟಿದ ಶೂಲವನ್ನು, ಅಂದರೆ ತನ್ನನ್ನು ಕಾಡುತ್ತಿದ್ದ ಬಾಧೆಯನ್ನು, ತೆಗೆ ಅಂತ ಮೂರು ಸಲ ಬೇಡಿದ. ಶೂಲ ಹೋಗಲಿಲ್ಲ, 'ನನ್ನ ಕೃಪೆಯೇ ನಿನಗೆ ಸಾಕು' ಅನ್ನೋ ಉತ್ತರ ಬಂತು (2 ಕೊರಿಂಥ 12).

ಬಾಯಲ್ಲಿ ಮಾತೇ ಹೊರಡದಿದ್ದರೆ 13ನೇ ಕೀರ್ತನೆ ಹಿಡಿಯಿರಿ, ಆರೇ ವಚನ. ಮೊದಲೆರಡರಲ್ಲಿ ದೂರು, 'ಎಲ್ಲಿಯವರೆಗೆ' ಅನ್ನೋ ಪ್ರಶ್ನೆಯೇ ನಾಲ್ಕು ಸಲ. ಮುಂದಿನೆರಡರಲ್ಲಿ ಬೇಡಿಕೆ. ಕೊನೆಯೆರಡರಲ್ಲಿ ಭರವಸೆ. ದೂರಿನ ಜಾಗದಲ್ಲಿ ನಿಮ್ಮ ಸಂಕಟವನ್ನು ಹೆಸರಿಟ್ಟು ಹೇಳಿ: ಕಾಯಿಲೆ, ಸಾಲ, ಮುರಿದ ಸಂಬಂಧ. 'ನನ್ನ ಕಷ್ಟಗಳೆಲ್ಲ' ಅಂತ ತೇಲಿಸಿದರೆ ಮನಸ್ಸು ಅರ್ಧ ನಿಮಿಷದಲ್ಲಿ ಬೇರೆಲ್ಲೋ ಹೋಗಿರುತ್ತದೆ.

ಭರವಸೆಯ ಭಾಗ ಇವತ್ತು ಬಾಯಿಗೆ ಬರಲಿಲ್ಲವಾ? ಬಲವಂತ ಬೇಡ. 88ನೇ ಕೀರ್ತನೆ ಕತ್ತಲಲ್ಲೇ ಮುಗಿಯುತ್ತದೆ, ಅದೂ ಸತ್ಯವೇದದಲ್ಲೇ ಇದೆ.