ನಿಂತುಬಿಟ್ಟ ಭೂಮಿ: ಪುಟ್ಟ ಸೌರಮಂಡಲದ ಲಾಗ್, ಕಂತು 3

ಈ ಕಂತಿನ ಕೆಲಸ ಒಂದೇ. ಸಿ ಭಾಷೆಯಲ್ಲಿ ಬರೆದ ಸೂರ್ಯ-ಭೂಮಿ ಪ್ರೋಗ್ರಾಮನ್ನು ಬೇಕೆಂದೇ ಕಡಿಮೆ ನಿಖರತೆಯಲ್ಲಿ ಓಡಿಸುವುದು, ಆ ಕೊರತೆ ಒಳಗಿದ್ದವರಿಗೆ ಹೇಗೆ ಕಾಣುತ್ತದೆ ಎಂದು ನೋಡುವುದು. ನಮ್ಮ ಜಗತ್ತೇ ಒಂದು ಸಿಮ್ಯುಲೇಶನ್, ಅಂದರೆ ಕಂಪ್ಯೂಟರಿನಲ್ಲಿ ಓಡುವ ಅನುಕರಣೆ, ಇರಬಹುದೇ ಎಂಬ ಮಾತು ಬಂದಾಗಲೆಲ್ಲ ಜನ ಪಿಕ್ಸೆಲ್ ಹುಡುಕಲು ಹೊರಡುತ್ತಾರೆ. ಕಂಪ್ಯೂಟರಿನ ಮಿತಿ ಪಿಕ್ಸೆಲ್ ರೂಪದಲ್ಲೇ ಬರಬೇಕೆಂದೇನಿಲ್ಲ.

ಸಿದ್ಧತೆ: ಸೂರ್ಯ ಮೂಲಬಿಂದುವಿನಲ್ಲಿ, ಕದಲುವುದಿಲ್ಲ. ಭೂಮಿ ಎಕ್ಸ್ ಅಕ್ಷದ ಮೇಲೆ 1.496×10¹¹ ಮೀಟರ್ ದೂರದಲ್ಲಿ. ವೇಗ ವೈ ದಿಕ್ಕಿಗೆ ಸೆಕೆಂಡಿಗೆ 29,780 ಮೀಟರ್. ಸೂರ್ಯನ ಜಿಎಂ (ಗುರುತ್ವ ಸ್ಥಿರಾಂಕ × ಸೂರ್ಯನ ದ್ರವ್ಯರಾಶಿ) ಬೆಲೆ 1.327×10²⁰. ಎಲ್ಲ ಚರಗಳೂ 32 ಬಿಟ್ ಫ್ಲೋಟ್ (ದಶಮಾಂಶ ಸಂಖ್ಯೆಯನ್ನು ಸೀಮಿತ ಅಂಕಿಗಳಲ್ಲಿ ಇಡುವ ಬಗೆ), ಹೆಜ್ಜೆ, ಅಂದರೆ ಒಂದು ಲೆಕ್ಕದಿಂದ ಮುಂದಿನ ಲೆಕ್ಕಕ್ಕೆ ಸರಿಯುವ ಕಾಲ, 0.1 ಸೆಕೆಂಡ್. ಪ್ರತಿ ಹೆಜ್ಜೆಯಲ್ಲೂ ಮೊದಲು ವೇಗ ತಿದ್ದಿ, ಆ ಹೊಸ ವೇಗದಿಂದಲೇ ಸ್ಥಾನ ತಿದ್ದಬೇಕು. ಹಳೆಯ ವೇಗ ಬಳಸಿದರೆ ಕಕ್ಷೆ ಸುತ್ತಿನಿಂದ ಸುತ್ತಿಗೆ ಹೊರಕ್ಕೆ ಬಿಚ್ಚಿಕೊಳ್ಳುತ್ತದೆ. ಅದು ವಿಧಾನದ ತಪ್ಪು. ಇಲ್ಲಿ ಬೇಕಿರುವುದು ಅಂಕಿಗಳ ತಪ್ಪು.

ಭೂಮಿ ಬಾಗದೆ ಸರಳರೇಖೆಯಲ್ಲಿ ಹೊರಟುಹೋದರೆ ದೂರದ ಘನವನ್ನು ಹೇಗೆ ಲೆಕ್ಕ ಹಾಕಿದ್ದೀರಿ ಎಂದು ನೋಡಿ. ದೂರದ ವರ್ಗವನ್ನು ಮೂರು ಸಲ ಗುಣಿಸಿ ಆಮೇಲೆ ವರ್ಗಮೂಲ ತೆಗೆದರೆ ನಡುವೆ 10⁶⁷ರಷ್ಟು ದೊಡ್ಡ ಸಂಖ್ಯೆ ಹುಟ್ಟುತ್ತದೆ. ಫ್ಲೋಟ್ 3.4×10³⁸ಕ್ಕಿಂತ ಮೇಲಿನದನ್ನು ಅನಂತ ಎಂದು ಬರೆದುಕೊಳ್ಳುತ್ತದೆ. ಅನಂತದಿಂದ ಭಾಗಿಸಿದರೆ ಗುರುತ್ವ ಸೊನ್ನೆ. ವರ್ಗವನ್ನು ಅದರ ವರ್ಗಮೂಲದಿಂದ ಗುಣಿಸಿ, ಸರಿಹೋಗುತ್ತದೆ.

ಇನ್ನು ಓಟ. ವೈ ನಿರ್ದೇಶಾಂಕ 1 ಕೋಟಿ 72 ಲಕ್ಷ ಕಿ.ಮೀ. ದಾಟುವವರೆಗೆ ಹೆಚ್ಚುಕಡಿಮೆ ಸರಿಯಾಗೇ ಇರುತ್ತದೆ. ಅಲ್ಲಿ ಭೂಮಿಯ ನಡೆ ಸೆಕೆಂಡಿಗೆ 20.48 ಕಿ.ಮೀ.ಗೆ ಇಳಿಯುತ್ತದೆ. 3 ಕೋಟಿ 44 ಲಕ್ಷದಲ್ಲಿ ಒಮ್ಮೆಲೇ ಎರಡು ಪಟ್ಟಾಗಿ 40.96 ಆಗುತ್ತದೆ. 6 ಕೋಟಿ 87 ಲಕ್ಷ ಕಿ.ಮೀ.ಯಲ್ಲಿ, ಅಂದರೆ ಸುಮಾರು 26ನೇ ದಿನ, ನಿಂತೇಬಿಡುತ್ತದೆ. ಮತ್ತೆ ಕದಲುವುದಿಲ್ಲ. ಎಕ್ಸ್ ನಿರ್ದೇಶಾಂಕವಂತೂ ಮೊದಲಿನಿಂದಲೂ ಅಲುಗಿರುವುದೇ ಇಲ್ಲ.

ಕಾರಣ: ಫ್ಲೋಟಿನಲ್ಲಿ 24 ಬಿಟ್‌ಗಳಷ್ಟು ಮಾತ್ರ ಸಾರ್ಥಕ ಅಂಕಿ. ಸಂಖ್ಯೆ 2ರ ಒಂದೊಂದು ಘಾತ ದಾಟಿದಾಗಲೂ ಪಕ್ಕಪಕ್ಕದ ಎರಡು ಬೆಲೆಗಳ ಅಂತರ ಎರಡು ಪಟ್ಟಾಗುತ್ತದೆ. 2ರ 34ನೇ ಘಾತದಾಚೆ (ಮೀಟರಿನಲ್ಲಿ ಅದೇ 1 ಕೋಟಿ 72 ಲಕ್ಷ ಕಿ.ಮೀ.) ಆ ಅಂತರ 2,048 ಮೀಟರ್, 35ರಾಚೆ 4,096, 36ರಾಚೆ 8,192, 37ರಾಚೆ 16,384 (ಎಕ್ಸ್ ನಿರ್ದೇಶಾಂಕ ಇರುವುದು ಇಲ್ಲೇ). ಭೂಮಿ ಒಂದು ಹೆಜ್ಜೆಗೆ ಹೋಗಬೇಕಾದದ್ದು 2,978 ಮೀಟರ್. ಅಂತರ 2,048 ಇದ್ದಾಗ ಹತ್ತಿರದ ಬೆಲೆ 2,048. 4,096 ಇದ್ದಾಗ 4,096. 8,192 ಇದ್ದಾಗ ಹತ್ತಿರದ ಬೆಲೆ ಎಂದರೆ ಹೊರಟ ಜಾಗವೇ. ಹೆಜ್ಜೆ ಸಣ್ಣದಾದಷ್ಟೂ ಉತ್ತರ ನಿಖರ ಎಂದು ನಂಬಿದವರು 0.1ನ್ನು 0.01 ಮಾಡಿ ನೋಡಿ, ಭೂಮಿ ಇನ್ನೂ ಬೇಗ ಸಿಕ್ಕಿಕೊಳ್ಳುತ್ತದೆ.

ಒಂದು ಎಚ್ಚರಿಕೆ. ವೇಗದ ಚರವನ್ನು ಪ್ರಿಂಟ್ ಮಾಡಿದರೆ ರೋಗ ಗೊತ್ತಾಗುವುದಿಲ್ಲ. ವೈ ವೇಗ ಕೊನೆಯವರೆಗೂ 29,780 ಎಂದೇ ತೋರಿಸುತ್ತದೆ, ಏಕೆಂದರೆ ಅದಕ್ಕೆ ಸೇರಬೇಕಾದ ಬದಲಾವಣೆಯೂ ಹತ್ತಿರದ ಬೆಲೆಗೆ ಹೊಂದಿಸುವ ರೌಂಡಿಂಗ್‌ನಲ್ಲಿ ಮಾಯ. ಎರಡು ಹೆಜ್ಜೆಗಳ ನಡುವಿನ ಸ್ಥಾನದ ವ್ಯತ್ಯಾಸವನ್ನೇ ಪ್ರಿಂಟ್ ಮಾಡಿ.

ಈಗ ಅದೇ ಭೂಮಿಯನ್ನು ಅಷ್ಟೇ ದೂರದಲ್ಲಿ, ಆದರೆ 45 ಡಿಗ್ರಿ ತಿರುಗಿಸಿ ಇಡಿ, ವೇಗವನ್ನೂ ತಿರುಗಿಸಿ. ಮೊದಲ ಹೆಜ್ಜೆಯಿಂದಲೇ ನಿಶ್ಚಲ! ಎರಡೂ ಅಕ್ಷಗಳಲ್ಲಿ ಅಂತರ 8,192, ಹೆಜ್ಜೆ ಬರೀ 2,106. ಒಳಗಿರುವ ವಿಜ್ಞಾನಿ ಇದನ್ನು ರೌಂಡಿಂಗ್ ಎಂದು ಯಾಕೆ ಕರೆಯುತ್ತಾನೆ? ಅವನ ಪಾಲಿಗೆ ಅದು ನಿಸರ್ಗದ ನಿಯಮ, ಸ್ವಲ್ಪ ವಿಚಿತ್ರ ನಿಯಮ ಅಷ್ಟೆ: ದಿಕ್ಕು ಬದಲಾದರೆ, ಜಾಗ ಬದಲಾದರೆ ನಿಯಮವೂ ಬದಲು. ಹುಡುಕಬೇಕಾದ ಗುರುತು ಇದೇ.

ನಿಜವಾದ ಆಕಾಶದಲ್ಲೂ ಇಂಥ ಪರೀಕ್ಷೆಯನ್ನು ಸೂಚಿಸಿದವರಿದ್ದಾರೆ. ಬೀನ್, ದಾವೂದಿ, ಸ್ಯಾವೇಜ್ ಎಂಬ ಭೌತವಿಜ್ಞಾನಿಗಳು 2012ರಲ್ಲಿ, ಜಗತ್ತು ಘನಾಕೃತಿಯ ಜಾಲದ ಮೇಲೆ ಓಡುತ್ತಿದ್ದರೆ ಅತ್ಯಧಿಕ ಶಕ್ತಿಯ ಕಾಸ್ಮಿಕ್ ಕಿರಣಗಳಲ್ಲಿ ದಿಕ್ಕಿನ ಪಕ್ಷಪಾತ ಕಾಣಬಹುದು ಎಂದು ಲೆಕ್ಕ ಹಾಕಿದರು. ಕಿರಣಗಳ ಶಕ್ತಿಯ ಮೇಲ್ಮಿತಿಯಿಂದ ಅವರು ಪಡೆದ ಅಂದಾಜಿನ ಪ್ರಕಾರ ಜಾಲವೊಂದು ಇದ್ದರೂ ಅದರ ಕಣ್ಣಿ (ಪಕ್ಕಪಕ್ಕದ ಬಿಂದುಗಳ ನಡುವಿನ ಅಂತರ) ಸುಮಾರು 2×10⁻²⁷ ಮೀಟರಿಗಿಂತ ದೊಡ್ಡದಿರಲಾರದು.

ಆದರೆ ಪ್ರೋಗ್ರಾಮ್ ಬರೆದವರು ಜಾಣರಾಗಿದ್ದರೆ? ಮೂರು ರಿಪೇರಿಗಳನ್ನು ನೋಡಿದ್ದಾಯಿತು. 64 ಬಿಟ್‌ನ ಡಬಲ್‌ಗೆ ಬದಲಾಯಿಸಿದರೆ ಅದೇ ದೂರದಲ್ಲಿ ಅಂತರ 0.03 ಮಿಲಿಮೀಟರಿಗೆ ಇಳಿಯುತ್ತದೆ. ಫ್ಲೋಟ್‌ನಲ್ಲೇ ಇರಬೇಕೆಂದರೆ ಕಹಾನ್ ಸಂಕಲನ: ಕಳೆದುಹೋದ ಚೂರನ್ನು ಇನ್ನೊಂದು ಚರದಲ್ಲಿ ಕೂಡಿಟ್ಟು ಮುಂದಿನ ಹೆಜ್ಜೆಗೆ ಸೇರಿಸುವುದು. ಸ್ಥಾನಕ್ಕೂ ವೇಗಕ್ಕೂ ಎರಡಕ್ಕೂ ಬೇಕು. ಕಂಪೈಲರಿನ (ಪ್ರೋಗ್ರಾಮನ್ನು ಯಂತ್ರಭಾಷೆಗೆ ತಿರುಗಿಸುವ ತಂತ್ರಾಂಶದ) ಫಾಸ್ಟ್-ಮ್ಯಾತ್ ಆಯ್ಕೆ ಹಾಕಬೇಡಿ; ಬೀಜಗಣಿತದಲ್ಲಿ ಆ ಚೂರು ಸೊನ್ನೆ ಎಂದು ಕಂಪೈಲರ್ ಅದನ್ನು ಅಳಿಸಿಹಾಕಬಹುದು.

ಮೂರನೆಯದು ನಮಗೆ ಹಿಡಿಸಿದ್ದು: 64 ಬಿಟ್ ಪೂರ್ಣಾಂಕ, ಮಾನ ಮಿಲಿಮೀಟರ್. ಸೂರ್ಯನ ಎರಡೂ ಬದಿಗೆ ಸುಮಾರು ಒಂದು ಜ್ಯೋತಿರ್ವರ್ಷದವರೆಗೆ ಒಂದೇ ಸಮನಾದ ಜಾಲ ಸಿಗುತ್ತದೆ, ಜಾಗದಿಂದ ಜಾಗಕ್ಕೆ ನಿಯಮ ಬದಲಾಗುವುದಿಲ್ಲ. ವೇಗಕ್ಕೆ ಮಾತ್ರ ಮಿಲಿಮೀಟರ್ ಮಾನ ಸಾಲದು. ಒಂದು ಹೆಜ್ಜೆಗೆ ವೇಗ ಬದಲಾಗುವುದು ಸೆಕೆಂಡಿಗೆ 0.59 ಮಿಲಿಮೀಟರ್, ಪೂರ್ಣಾಂಕಕ್ಕೆ ಪರಿವರ್ತಿಸುವಾಗ ಸಿ ಭಾಷೆ ದಶಮಾಂಶವನ್ನು ಕತ್ತರಿಸುತ್ತದೆ, ಗುರುತ್ವ ಮತ್ತೆ ಸೊನ್ನೆ. ನ್ಯಾನೋಮೀಟರ್ ಇಡಿ. ಹೀಗೆ ಓಡುವ ಭೂಮಿಯ ಮೇಲೆ ಕೂತವನಿಗೆ ಮಿಲಿಮೀಟರಿಗಿಂತ ಸಣ್ಣದನ್ನು ಅಳೆಯುವ ಉಪಕರಣ ಇಲ್ಲದಿದ್ದರೆ ಜಾಲದ ಸುಳಿವೇ ಸಿಗದು. ಆದ್ದರಿಂದ ಗುರುತು ಸಿಗಲಿಲ್ಲ ಎಂಬುದರಿಂದ ಸಿಮ್ಯುಲೇಶನ್ ಅಲ್ಲ ಎಂದು ಹೇಳಲು ಬರುವುದಿಲ್ಲ, ಹೌದು ಎನ್ನಲೂ ಬರುವುದಿಲ್ಲ.

ಮುಂದಿನ ಕಂತು ಕ್ವಾಂಟಂ. ಅಲ್ಲಿ ತೊಂದರೆ ರೌಂಡಿಂಗ್‌ನದಲ್ಲ, ಮೆಮೊರಿಯದು. ಒಂದು ಕ್ಯೂಬಿಟ್ (ಕ್ವಾಂಟಂ ಮಾಹಿತಿಯ ಮೂಲಘಟಕ) ಸೇರಿಸಿದರೆ ಬೇಕಾದ ಜಾಗ ಎರಡು ಪಟ್ಟು. ಸಂಖ್ಯೆಯೊಂದಕ್ಕೆ 16 ಬೈಟ್ ಲೆಕ್ಕದಲ್ಲಿ 20 ಕ್ಯೂಬಿಟ್‌ಗೆ 16 ಎಂಬಿ, 30ಕ್ಕೆ 16 ಜಿಬಿ, 50ಕ್ಕೆ 16 ಪೆಟಾಬೈಟ್. ಸಿಮ್ಯುಲೇಶನ್ ವಾದವನ್ನು 2003ರಲ್ಲಿ ಮಂಡಿಸಿದ ತತ್ವಜ್ಞಾನಿ ನಿಕ್ ಬೋಸ್ಟ್ರಂ, ಸೂಕ್ಷ್ಮ ವಿವರವನ್ನೆಲ್ಲ ಸದಾ ಓಡಿಸಬೇಕಿಲ್ಲ, ಯಾರಾದರೂ ನೋಡಿದಾಗ ತುಂಬಿಸಿದರೆ ಸಾಕು ಎಂದಿದ್ದರು. ಆ ಉಳಿತಾಯ ಎಷ್ಟರ ಮಟ್ಟಿಗೆ ನಡೆಯುತ್ತದೆ ಎಂದು 20 ಕ್ಯೂಬಿಟ್‌ಗಳಿಂದ ಶುರುಮಾಡಿ ನೋಡುವುದು. 8 ಜಿಬಿ ಲ್ಯಾಪ್‌ಟಾಪ್ ಇರುವವರು 28ಕ್ಕೇ ನಿಲ್ಲಿಸಿ. 29ಕ್ಕೆ ಇಡೀ 8 ಜಿಬಿ ಬೇಕಾಗುತ್ತದೆ, ಆಪರೇಟಿಂಗ್ ಸಿಸ್ಟಮ್‌ಗೆ ಜಾಗ ಉಳಿಯುವುದಿಲ್ಲ.