ಜಿ-ಗಿಂತ ಒಂಚೂರು ಮೇಲೆ

ಮೂರನೇ ಹಾಡಿನ ನಡುವೆ ಕರೆಂಟು ಹೋಯಿತು.

ಎಲೆಕ್ಟ್ರಿಕ್ ಗಿಟಾರ್ ನುಡಿಸುವವನಿಗೆ ಅದಕ್ಕಿಂತ ದೊಡ್ಡ ಅವಮಾನ ಇಲ್ಲ. ಈಗಷ್ಟೇ ಹಾಲ್ ನಡುಗಿಸುತ್ತಿದ್ದ ತಂತಿ ಕಬ್ಬಿಣದ ಮಂಚಕ್ಕೆ ಚಮಚ ತಗುಲಿದ ಹಾಗೆ ಟಿಣ್ ಟಿಣ್ ಅನ್ನತೊಡಗುತ್ತದೆ. ನಮ್ಮ ಡ್ರಮ್ಮರ್ ಮಾತ್ರ ಇನ್ನೂ ನಾಲ್ಕು ಏಟು ಹೊಡೆದ. ಅವನಿಗೇನು, ಕರೆಂಟು ಬೇಡವಲ್ಲ. ಆಮೇಲೆ ಅವನೂ ಸುಮ್ಮನಾದ.

2012ರ ಫೆಬ್ರವರಿ. ದಾವಣಗೆರೆಯ ಒಂದು ಕಾಲೇಜಿನ ವಾರ್ಷಿಕೋತ್ಸವ. ನಾವು ನಾಲ್ಕು ಜನ, ಬೆಂಗಳೂರಿನಲ್ಲಿ ಹಗಲು ಬೇರೆ ಬೇರೆ ಕೆಲಸ, ರಾತ್ರಿ ರಾಕ್ ಬ್ಯಾಂಡ್. ಐದು ಹಾಡು ರೆಕಾರ್ಡ್ ಮಾಡಿದ್ದೆವು. ಅವು ಮೆಮೊರಿ ಕಾರ್ಡಿನಿಂದ ಮೆಮೊರಿ ಕಾರ್ಡಿಗೆ ಹಾರಿ ಹೇಗೋ ಆ ಹಾಸ್ಟೆಲ್ ತಲುಪಿದ್ದವು. ಅಭಿಮಾನಿಗಳು ಅನ್ನೋ ಪದ ನಮಗೆ ಜಾಸ್ತಿ ಆಯ್ತು. ಆದರೂ ಮುಂದಿನ ಎರಡು ಸಾಲಿನ ಹುಡುಗರಿಗೆ ನಮ್ಮ ಹಾಡು ಬಾಯಿಪಾಠ ಬರುತ್ತಿತ್ತು. ಅದನ್ನು ನೋಡಿ ನಮಗೇ ಗಾಬರಿ.

ಕತ್ತಲಲ್ಲಿ ಒಬ್ಬ ಹುಡುಗ ವೇದಿಕೆ ಹತ್ತಿ ಬಂದ. ಕೊರಳಲ್ಲಿ ಬ್ಯಾಡ್ಜು. "ಸರ್, ಜನರೇಟರ್ ಇದೆ. ಡೀಸೆಲ್ ತರೋಕೆ ಹೋಗಿದ್ದಾರೆ. ಹತ್ತೇ ನಿಮಿಷ. ಅಲ್ಲಿವರೆಗೂ ಹುಡುಗರು ಪ್ರಶ್ನೆ ಕೇಳ್ತಾರೆ, ನೀವು ಉತ್ತರ ಹೇಳಿ."

ಮೈಕ್ ಇಲ್ಲ, ಲೈಟ್ ಇಲ್ಲ. ಯಾರೋ ನಾಲ್ಕೈದು ಜನ ಮೊಬೈಲ್ ಬೆಳಕು ನಮ್ಮ ಮುಖಕ್ಕೆ ಬಿಟ್ಟರು. ವೇದಿಕೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತೆವು. ಆ ಹತ್ತು ನಿಮಿಷ ಮುಕ್ಕಾಲು ಗಂಟೆ ಆಯಿತು.

ಮೊದಲ ಪ್ರಶ್ನೆ ಯಾವುದು ಅಂತ ಹೇಳಬೇಕಾಗಿಯೇ ಇಲ್ಲ. "ನಿಮ್ಮ ಮೇಲೆ ಯಾರ ಪ್ರಭಾವ ಜಾಸ್ತಿ?" ನಮ್ಮ ಸಿಂಗರ್ ಇದಕ್ಕೆ ಎರಡು ವರ್ಷದಿಂದ ಕಾಯುತ್ತಿದ್ದ. ಪಿಂಕ್ ಫ್ಲಾಯ್ಡ್, ಲೆಡ್ ಝೆಪ್ಪೆಲಿನ್, ಡೀಪ್ ಪರ್ಪಲ್ ಅಂತ ಮಗ್ಗಿ ಒಪ್ಪಿಸಿದ. ನಾನೂ ಸುಮ್ಮನಿರಲಿಲ್ಲ. 2007ರ ಮಾರ್ಚ್ 17ರಂದು ಐರನ್ ಮೇಡನ್ ಮೊದಲ ಸಲ ಭಾರತಕ್ಕೆ ಬಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದಾಗ ನಾನೂ ನಮ್ಮ ಬೇಸ್ ಗಿಟಾರಿನವನೂ ಅಲ್ಲೇ ಪರಿಚಯ ಆಗಿದ್ದು, ನೂಕುನುಗ್ಗಲಲ್ಲಿ ಅವನು ನನ್ನ ಚಪ್ಪಲಿ ಮೆಟ್ಟಿ ಕಿತ್ತು ಹಾಕಿದ್ದು, ಒಂದು ಕಾಲಲ್ಲಿ ಚಪ್ಪಲಿ ಇಲ್ಲದೆ ಇಡೀ ಶೋ ನೋಡಿದ್ದು ಎಲ್ಲ ಹೇಳಿದೆ. ಚಪ್ಪಾಳೆ ಬಿತ್ತು.

ಎರಡನೇ ಸಾಲಿನಿಂದ ಒಬ್ಬ ತಣ್ಣಗೆ ಕೇಳಿದ. "ಅವರನ್ನೆಲ್ಲ ನಾವೂ ಕೇಳ್ತೀವಿ ಸರ್. ಆದ್ರೆ ನಿಮ್ಮ ಹಾಡಲ್ಲಿ ಅವರು ಎಲ್ಲಿದಾರೆ? ನಂಗೆ ಸಿಗಲಿಲ್ಲ."

ಚಪ್ಪಾಳೆ ನಿಂತಿತು. ನಿಜ ಹೇಳಬೇಕಂದ್ರೆ ನಮಗೂ ಸಿಕ್ಕಿರಲಿಲ್ಲ.

ಆಮೇಲೆ ಒಬ್ಬಳು ಹುಡುಗಿ ನನ್ನನ್ನೇ ನೋಡಿ ಕೇಳಿದಳು. "ನೀವ್ಯಾಕೆ ಯಾವಾಗ್ಲೂ ನಮ್ಮ ಕಡೆ ನೋಡದೆ ಗೋಡೆ ಕಡೆ ತಿರುಗಿ ನಿಲ್ತೀರಾ? ಅದು ಸ್ಟೈಲಾ?"

ಸ್ಟೈಲ್ ಅಂದುಬಿಡಬಹುದಿತ್ತು. ಬಾಯಿಗೆ ನಿಜ ಬಂತು. ನನ್ನ ಗಿಟಾರು ಸೆಕೆಂಡ್ ಹ್ಯಾಂಡ್. ಅದರ ಪಿಕಪ್ ಅಂದರೆ ಅಯಸ್ಕಾಂತದ ಸುತ್ತ ಕೂದಲಿನಷ್ಟು ಸಣ್ಣ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಒಂದೇ ಒಂದು ಉಂಡೆ. ಗಿಟಾರ್ ತಂತಿ ಅಲುಗಾಡಿದ್ದನ್ನು ಅದು ಹಿಡಿಯುತ್ತದೆ. ಜೊತೆಗೆ ಟ್ಯೂಬ್‌ಲೈಟು, ಫ್ಯಾನಿನ ರೆಗ್ಯುಲೇಟರು, ಗಿಟಾರಿನ ದನಿ ದೊಡ್ಡದು ಮಾಡುವ ಆಂಪ್ ಒಳಗಿನ ಟ್ರಾನ್ಸ್‌ಫಾರ್ಮರು, ಎಲ್ಲರ ಗುಸುಗುಸುವನ್ನೂ ಹಿಡಿಯುತ್ತದೆ. ಸ್ಪೀಕರಲ್ಲಿ ಗುಂಯ್ ಅಂತ ಒಂದೇ ಸಮ ದನಿ. ಗಿಟಾರ್ ಹಿಡಿದು ನಿಧಾನವಾಗಿ ತಿರುಗಿದರೆ ಯಾವುದೋ ಒಂದು ಮೂಲೆಗೆ ಆ ಗುಂಯ್ ಥಟ್ಟನೆ ಇಳಿಯುತ್ತದೆ. ಪ್ರತಿ ಹಾಲಿನಲ್ಲೂ ಆ ಮೂಲೆ ಬೇರೆ. ಶೋಗೆ ಮುಂಚೆ ನಾನು ವೇದಿಕೆ ಮೇಲೆ ದಿಕ್ಕು ತಪ್ಪಿದವನ ಹಾಗೆ ಗಿರಗಿರ ತಿರುಗಿ ಅದನ್ನು ಹುಡುಕಿ, ಅಲ್ಲೇ ನಿಲ್ಲುತ್ತೇನೆ. ಅವತ್ತು ಆ ಮೂಲೆ ಗೋಡೆ ಕಡೆಗಿತ್ತು, ಅಷ್ಟೇ.

"ಅಯ್ಯೋ, ಇಷ್ಟೇನಾ?" ಅಂದಳು. ಅವಳಿಗೆ ನಿರಾಸೆ ಆದದ್ದು ಕತ್ತಲಲ್ಲೂ ಗೊತ್ತಾಯಿತು.

ಹಿಂದಿನಿಂದ ಇನ್ನೊಂದು ದನಿ. ಸ್ವಲ್ಪ ವಯಸ್ಸಾದ ದನಿ. ಕನ್ನಡ ಮೇಷ್ಟ್ರಂತೆ. "ನಿಮ್ಮ ಒಂದು ಹಾಡಿನಲ್ಲಿ 'ಒಡೆದ ಬಾಳೆ' ಅಂತ ಬರುತ್ತಲ್ಲ. ಒಡೆಯೋದು ತೆಂಗಿನಕಾಯಿ. ಬಾಳೆಹಣ್ಣು ಸುಲಿಯೋದು, ಅಲ್ವೇನಪ್ಪಾ?"

ಹಾಲ್ ಪೂರ್ತಿ ನಕ್ಕಿತು. ಸಿಂಗರ್ ಮುಖ ಮುಚ್ಚಿಕೊಂಡ. ನಾವು ಬರೆದದ್ದು 'ಒಡೆದ ಬಳೆ.' ಮುರಿದ ಪ್ರೀತಿ, ಚೂರಾದ ಬಳೆ, ಅಂಥದ್ದೇನೋ. ಆದರೆ ರಾಗ ಮೊದಲು ಹುಟ್ಟಿತ್ತು. ಅದೂ ಇಂಗ್ಲಿಷ್ ಹಾಡು ಕೇಳಿ ಕೇಳಿ ಹದಗೆಟ್ಟ ತಲೆಯಲ್ಲಿ. ಅಲ್ಲಿ ಸ್ವರವನ್ನು ಎಲ್ಲಿ ಬೇಕಾದರೂ ಎಳೆಯಬಹುದು. ಕನ್ನಡದಲ್ಲಿ ಎಳೆದರೆ ಪದವೇ ಬದಲಾಗುತ್ತದೆ. ಬಳೆಯ 'ಬ' ಎಳೆದರೆ ಬಾಳೆ, ಕಡು ಎಳೆದರೆ ಕಾಡು. ನಾಲ್ಕು ಮಾತ್ರೆ ತುಂಬಿಸೋಕೆ ಅಂತ ನಮ್ಮವನು 'ಬಾ' ಅಂತ ಎಳೆದಿದ್ದ. ಪ್ರೀತಿ ಹೋಗಿ ಹಣ್ಣಾಗಿತ್ತು.

ಮೇಷ್ಟ್ರು ಬಿಡಲಿಲ್ಲ. ಬೀದಿಯಲ್ಲಿ ಕೂಗಿ ಮಾರೋರನ್ನ ಕೇಳಿದೀರಾ ಅಂದರು. "ಸೊಪ್ಪೂ... ಅಂತಾರೆ. ಸೋಪ್ಪು ಅನ್ನಲ್ಲ. ಹೂವಿನವಳು, ಬಳೆಗಾರ ಎಲ್ಲ ಅಷ್ಟೇ. ಎಳೆಯೋದು ಕೊನೆಗೆ. ಬಳೇ... ಅಂತ. ಶರೀಫರ ಪದ ನೋಡಿ. 'ಸೋರುತಿಹುದು ಮನೆಯ ಮಾಳಿಗಿ.' ದೀರ್ಘ ಇದ್ದ ಕಡೆ ನಾಲಿಗೆ ನಿಲ್ಲುತ್ತೆ, ಹ್ರಸ್ವ ಇದ್ದ ಕಡೆ ಓಡುತ್ತೆ. ಹಾಡೋಕೆ ಅಂತಲೇ ಕಟ್ಟಿದ್ದು. ಅದಕ್ಕೇ ರಘು ದೀಕ್ಷಿತ್ ಗಿಟಾರ್ ಹಿಡಿದು ಹಾಡಿದ್ರೂ ಪದ ಮುರಿಯಲ್ಲ."

ಅಲ್ಲೇ ಕತ್ತಲಲ್ಲೇ ಸಿಂಗರ್ ಮೆಲ್ಲಗೆ ಹಾಡಿ ನೋಡಿದ. 'ಒಡೆದ ಬಳೇ...' ಕೊನೆಯ ಸ್ವರ ಚಾಚಿಕೊಂಡು ಆರಾಮಾಗಿ ನಾಲ್ಕು ಮಾತ್ರೆ ತುಂಬಿಸಿತು. ಎರಡು ವರ್ಷ, ಅದೆಷ್ಟು ರಾತ್ರಿ ಪ್ರಾಕ್ಟೀಸು, ಒಂದು ರೆಕಾರ್ಡಿಂಗು. ಯಾರಿಗೂ ಹೊಳೆದಿರಲಿಲ್ಲ. ಇವತ್ತಿಗೂ ಅದನ್ನು ಹಾಗೇ ಹಾಡುತ್ತೇವೆ. ಹಳೇ ರೆಕಾರ್ಡಿಂಗಿನಲ್ಲಿ ಮಾತ್ರ ಬಾಳೆ ಉಳಿದುಕೊಂಡಿದೆ.

ಕೊನೆಗೆ ಎದ್ದು ನಿಂತವನು ಫಸ್ಟ್ ಇಯರ್ ಹುಡುಗ, ಸಣಕಲ. ಕೈಯಲ್ಲಿ ಗಿಟಾರಿಗೆ ಸಿಕ್ಕಿಸಿ ಶ್ರುತಿ ನೋಡುವ ಟ್ಯೂನರು. ಬರುವಾಗಲೇ ಜೇಬಿನಲ್ಲಿ ಇಟ್ಟುಕೊಂಡು ಬಂದಿದ್ದ ಅಂದರೆ ಸುಮ್ನೆ ಅಲ್ಲ.

"ಅಣ್ಣಾ, ನಿಮ್ಮ ಎರಡನೇ ಹಾಡು ಕಲಿಯೋಕೆ ಮೂರು ವಾರ ಒದ್ದಾಡಿದೀನಿ. ನನ್ನ ಗಿಟಾರ್ ಟ್ಯೂನ್ ಸರಿ ಇದೆ. ನಿಮ್ಮ ಹಾಡು ಹಾಕಿ ಜೊತೆಗೆ ನುಡಿಸಿದ್ರೆ ಸೇರಲ್ಲ. ಅದು ಜಿ ಸ್ವರಾನೂ ಅಲ್ಲ, ಅದರ ಮೇಲಿನ ಮನೆ ಜಿ ಶಾರ್ಪೂ ಅಲ್ಲ. ಬೇಕಂತಲೇ ಹಾಗೆ ಮಾಡಿದ್ದಾ? ನಮ್ಮ ಸಂಗೀತದ ಪ್ರಭಾವನಾ?"

"ಹೌದು" ಅಂದ ನಮ್ಮ ಸಿಂಗರ್, ಒಂದು ಕ್ಷಣವೂ ತಡ ಮಾಡದೆ. "ನಮ್ಮಲ್ಲಿ ಶ್ರುತಿ 22. ಪಾಶ್ಚಾತ್ಯರಿಗೆ 12 ಮನೆ ಅಷ್ಟೇ. ನಾವು ಆ ನಡುವಿನ ಜಾಗ..."

ಬೇಸಿನವನು ಕೆಮ್ಮಿದ. ನನಗೆ ನಗು ತಡೆಯೋಕೆ ಆಗಲಿಲ್ಲ. ಆ ಹುಡುಗ ಮೂರು ವಾರ ಒದ್ದಾಡಿದ್ದಾನೆ. ಅವನಿಗೆ ಸುಳ್ಳು ಹೇಳೋದು ಪಾಪ ಅನ್ನಿಸಿತು. ಹೇಳಿಬಿಟ್ಟೆ.

ನಾವು ಪ್ರಾಕ್ಟೀಸ್ ಮಾಡುತ್ತಿದ್ದದ್ದು ಹನುಮಂತನಗರದಲ್ಲಿ, ಡ್ರಮ್ಮರ್‌ನ ಸೋದರತ್ತೆ ಮನೆಯ ಹಿಂದಿನ ಶೆಡ್ಡಿನಲ್ಲಿ. ಸದ್ದು ಹೊರಗೆ ಹೋಗದಿರಲಿ ಅಂತ ಗೋಡೆಗೆ ಮೊಟ್ಟೆ ಟ್ರೇ ಅಂಟಿಸೋಣ ಅಂದಿದ್ದೆವು. "ನಮ್ಮನೇಲಿ ಮೊಟ್ಟೆನಾ?" ಅಂದರು ಅತ್ತೆ. ಖಾಲಿ ಟ್ರೇ ಅತ್ತೆ ಅಂದರೂ ಕೇಳಲಿಲ್ಲ. ಗೋಣಿಚೀಲ, ಹಳೇ ಹತ್ತಿ ಹಾಸಿಗೆ ಕಟ್ಟಿದೆವು. ಆ ಮನೆಯ ವೈರಿಂಗು ಹಳೇದು, ಅರ್ತಿಂಗ್ ಹೆಸರಿಗೆ ಮಾತ್ರ. ಹಾಗಾಗಿ ಆಂಪ್ ಹಾಕಿದರೆ ಸಾಕು, ಗುಂಯ್. ಶೆಡ್ಡು ಎಷ್ಟು ಚಿಕ್ಕದು ಅಂದರೆ ನಾನು ಗಿಟಾರ್ ಹಿಡಿದು ತಿರುಗೋಕೂ ಜಾಗ ಇಲ್ಲ. ಡ್ರಮ್ಮಿಗೆ ತಗುಲುತ್ತಿತ್ತು.

ನಮ್ಮ ಮನೆಗಳ ಕರೆಂಟು ಸೆಕೆಂಡಿಗೆ 50 ಸುತ್ತು ಓಡುತ್ತದೆ. ಆ ಗುಂಯ್ ದನಿಯಲ್ಲಿ 50 ಇರುತ್ತದೆ, ಅದರ ಎರಡರಷ್ಟು 100 ಇನ್ನೂ ಚೆನ್ನಾಗಿ ಕೇಳುತ್ತದೆ. ಗಿಟಾರಿನ ದಪ್ಪ ತಂತಿಯ ಮೂರನೇ ಫ್ರೆಟ್ ಒತ್ತಿದರೆ ಬರುವ ಜಿ ಸ್ವರ ಸೆಕೆಂಡಿಗೆ 98 ಸಲ ಕಂಪಿಸುತ್ತದೆ. ಅಂದರೆ ಗುಂಯ್ ದನಿ ಜಿ-ಗಿಂತ ಒಂಚೂರು ಮೇಲೆ. ಒಂದು ಮನೆಯನ್ನು ನೂರು ಭಾಗ ಮಾಡಿದರೆ ಸುಮಾರು 35 ಭಾಗ ಮೇಲೆ. ಮೊದಲ ತಿಂಗಳು ಅದರ ಜೊತೆ ಜಗಳ ಆಡಿದೆವು. ಆಮೇಲೆ ಒಂದು ರಾತ್ರಿ ಗೊತ್ತಿಲ್ಲದೆ ಅದಕ್ಕೇ ತಂತಿ ಬಿಗಿದುಕೊಂಡೆವು. ಶ್ರುತಿ ಪೆಟ್ಟಿಗೆ ಸಿಕ್ಕ ಹಾಗಾಯಿತು. ಸಿಂಗರ್ ಅದನ್ನು ಹಿಡಿದು ಹಾಡಿದ. ಐದಕ್ಕೆ ಐದೂ ಹಾಡು ಅಲ್ಲೇ ಹುಟ್ಟಿದವು, ಅದೇ ಶ್ರುತಿಯಲ್ಲಿ. ಹಾಡು ನಿಧಾನ ಆಗಿದ್ದೂ ಅದಕ್ಕೇ. ಕೆಳಗೆ ಒಂದು ದನಿ ಎಳೆಯುತ್ತಾ ಇದ್ದಾಗ ಓಡೋಕೆ ಮನಸ್ಸು ಬರಲ್ಲ.

ಒಂದು ಏಪ್ರಿಲ್‌ನಲ್ಲಿ ಎಲೆಕ್ಟ್ರಿಷಿಯನ್ ಬಂದು ಅರ್ತ್ ಗುಂಡಿ ಒಣಗಿದೆ, ನೀರು ಹಾಕಿ ಅಂದ. ಅತ್ತೆ ಉಪ್ಪು, ಇದ್ದಿಲು ಹಾಕಿಸಿ ಎರಡು ಬಿಂದಿಗೆ ನೀರು ಹೊಯ್ದರು. ಗುಂಯ್ ಅರ್ಧಕ್ಕರ್ಧ ಇಳಿಯಿತು. ಸಂಜೆ ಸಿಂಗರ್ ಶ್ರುತಿ ಬಿಟ್ಟ. ಏನೋ ಕಳೆದುಹೋದ ಹಾಗಿದೆ ಮಗಾ ಅಂದ. ಮಾರನೇ ದಿನ ಅತ್ತೆ ಬಿಂದಿಗೆ ಹಿಡಿದು ಬಂದಾಗ, ಬೇಡ ಅತ್ತೆ, ನಾವೇ ಹಾಕ್ತೀವಿ ಅಂದು ಇಸಿದುಕೊಂಡು ದಾಸವಾಳದ ಗಿಡಕ್ಕೆ ಹಾಕಿದೆವು. ಷಾಕ್ ಹೊಡೆಸಿಕೊಂಡು ಸಾಯಬಹುದಿತ್ತು ಅಂತ ಈಗ ಅನ್ನಿಸುತ್ತದೆ. ಆಗ ಅನ್ನಿಸಲಿಲ್ಲ.

ಹುಡುಗ ಬಾಯಿ ಬಿಟ್ಟು ಕೇಳುತ್ತಿದ್ದ. "ಅಂದ್ರೆ ನಿಮ್ಮ ಪ್ರಭಾವ... ಕೆಇಬಿನಾ?"

ಎರಡನೇ ಸಾಲಿನವನು ಜೋರಾಗಿ ಚಪ್ಪಾಳೆ ಹೊಡೆದ. ಅವತ್ತಿನ ದೊಡ್ಡ ಚಪ್ಪಾಳೆ ನಮ್ಮದಲ್ಲ, ಆ ಪ್ರಶ್ನೆಯದ್ದು.

ಆಗ ಬೇಸಿನವನು ಬಾಯಿ ಬಿಟ್ಟ. ಅವನು ಮಾತಾಡೋದೇ ಅಪರೂಪ. ಬ್ಲ್ಯಾಕ್ ಸಬ್ಬತ್ ಬ್ಯಾಂಡಿನ ಗಿಟಾರಿನವನು ಟೋನಿ ಐಯೋಮಿಯ ಕಥೆ ಹೇಳಿದ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್, 1965. ಹದಿನೇಳು ವರ್ಷದ ಹುಡುಗ, ತಗಡು ಕಾರ್ಖಾನೆಯಲ್ಲಿ ಕೆಲಸದ ಕೊನೆಯ ದಿನ. ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳ ತುದಿ ಹೋಯಿತು. ಅವನು ಎಡಚ, ಹಾಗಾಗಿ ತಂತಿ ಒತ್ತುವ ಕೈ ಅದೇ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡ. ಮೇಲೆ ಚರ್ಮ ಅಂಟಿಸಿದ. ದಪ್ಪ ತಂತಿ ಒತ್ತಿದರೆ ನೋವು, ಅದಕ್ಕೆ ತೆಳು ತಂತಿ ಹಾಕಿದ. ಆಮೇಲೆ ತಂತಿಯನ್ನೇ ಸಡಿಲ ಬಿಟ್ಟು ಶ್ರುತಿ ಕೆಳಗಿಳಿಸಿದ. 1971ರ ಆಲ್ಬಂನಲ್ಲಿ ಆ ಇಳಿಸಿದ ಶ್ರುತಿ ಕೇಳುತ್ತದೆ, ಭಾರವಾಗಿ, ನೆಲಕ್ಕೆ ಹತ್ತಿರವಾಗಿ. "ಆ ದನಿ ಬೇಕು ಅಂತ ಈಗ ಎಲ್ರೂ ತಂತಿ ಸಡಿಲ ಮಾಡ್ತಾರೆ" ಅಂದ. "ಹತ್ತು ಬೆರಳೂ ನೆಟ್ಟಗಿರೋರು."

ಹೊರಗೆ ಧಡ್ ಧಡ್ ಅಂತ ಸದ್ದಾಯಿತು. ಜನರೇಟರ್ ಎರಡು ಸಲ ಕೆಮ್ಮಿ ಹತ್ತಿಕೊಂಡಿತು. ಟ್ಯೂಬ್‌ಲೈಟು ಮಿಣುಕಿ ಉರಿದವು. ಕಣ್ಣು ಚುಚ್ಚಿತು. ಎಲ್ಲರೂ ಹೋ ಅಂದರು. ನಾನು ಗಿಟಾರ್ ಎತ್ತಿಕೊಂಡೆ. ಆಂಪಿನಿಂದ ಗುಂಯ್ ಬಂತು. ಈ ಸಲ ಇಡೀ ಹಾಲ್ ಅದನ್ನು ಕೇಳಿ ನಕ್ಕಿತು, ಪರಿಚಯದವರು ಬಾಗಿಲಲ್ಲಿ ಕಂಡ ಹಾಗೆ.

ತಂತಿ ಮೀಟಿದೆ. ಸೇರಲಿಲ್ಲ. ಇನ್ನೊಮ್ಮೆ ಮೀಟಿದೆ. ಊಹೂಂ. ಏನೋ ಎಳೆದ ಹಾಗಿತ್ತು.

ಲೋಡ್ ಕಡಿಮೆ ಇದ್ದಾಗ ಜನರೇಟರ್ ಸ್ವಲ್ಪ ಜೋರಾಗಿ ಓಡುತ್ತದೆ, 50ರ ಮೇಲೆ ಹೋಗುತ್ತದೆ. ನನಗೆ ಅದು ಹೊಳೆಯುವ ಮುಂಚೆಯೇ ಸಣಕಲ ಹುಡುಗ ವೇದಿಕೆ ಹತ್ತಿರ ಓಡಿ ಬಂದಿದ್ದ. ಟ್ಯೂನರನ್ನು ಸ್ಪೀಕರ್ ಪೆಟ್ಟಿಗೆಗೆ ಒತ್ತಿ ಹಿಡಿದು ನೋಡಿದ.

"ಅಣ್ಣಾ, ಇವತ್ತು ಜಿ ಶಾರ್ಪ್!"

ಸಿಂಗರ್ ಗಂಟಲು ಸವರಿಕೊಂಡು ನನ್ನನ್ನು ನೋಡಿದ. ಆ ಹಾಡು ಅವನಿಗೆ ಮೊದಲೇ ಮೇಲಾಗುತ್ತಿತ್ತು. ನಾನು ಗಿಟಾರಿನ ಕಿವಿ ಹಿಂಡಿ ಒಂದೊಂದೇ ತಂತಿ ಬಿಗಿಯತೊಡಗಿದೆ.