ಕಾರಿನ ಬ್ರೇಕ್ ಡಿಸ್ಕ್ ಬದಲಿಸುವಾಗ ತೂತಿನದ್ದು ಹಾಕಲಾ, ಪ್ಲೇನ್ ಹಾಕಲಾ?

ಈ ಪ್ರಶ್ನೆ ಕೇಳಿ ಕೇಳಿ ನನಗೆ ಬಾಯಿಪಾಠ ಆಗಿದೆ. "ಅಣ್ಣಾ, ಡಿಸ್ಕ್ ತೇದಿದೆ ಅಂತ ಹೇಳಿದ್ರು. ಹೇಗೂ ಬದಲಿಸ್ಬೇಕಲ್ಲ, ತೂತು ಇರೋದೇ ಹಾಕಿಬಿಡುವಾ, ಅಲ್ವಾ?" ಕೇಳುವವರು ಆಕ್ಟೇವಿಯಾ ಆರ್‌ಎಸ್ ಇಟ್ಟುಕೊಂಡವರು, ಮಿನಿ ಕೂಪರ್ ಎಸ್ ಇರುವವರು, ಬಿಎಂಡಬ್ಲ್ಯೂ ಎಂ340ಐ ತಗೊಂಡವರು, ಪೋಲೋ ಜಿಟಿಗೆ ರೀಮ್ಯಾಪ್ (ಎಂಜಿನ್ನಿನ ಸಾಫ್ಟ್‌ವೇರ್ ಬದಲಿಸಿ ಶಕ್ತಿ ಏರಿಸುವುದು) ಮಾಡಿಸಿದ ಮೇಲೆ ಬ್ರೇಕ್ ನೆನಪಾದವರು. ನಮ್ಮ ಕಾಸರಗೋಡು ಜಿಲ್ಲೆಯ ಕುಂಬಳೆಯವರು ಕೇಳುತ್ತಾರೆ, ಮುಳ್ಳೇರಿಯದವರು ಕೇಳುತ್ತಾರೆ, ದುಬೈಯಲ್ಲಿ ಕೂತು ಊರಿನ ಕಾರಿನ ಬಗ್ಗೆ ವಾಯ್ಸ್ ಮೆಸೇಜ್ ಕಳಿಸುವವರೂ ಇದ್ದಾರೆ. ಗ್ಯಾರೇಜಿನಲ್ಲಿ ಕೈಗೆ ಗ್ರೀಸ್ ಮೆತ್ತಿಕೊಂಡು ಪ್ರತಿ ಸಲ ಇಷ್ಟುದ್ದ ಹೇಳಲಿಕ್ಕೆ ಆಗುವುದಿಲ್ಲ. ಹಾಗಾಗಿ ಒಮ್ಮೆ ಬರೆದಿಡುತ್ತೇನೆ.

ಉತ್ತರ ಚಿಕ್ಕದು. ಪ್ಲೇನ್ ಹಾಕಿ. ಕಾರಿನ ಜೊತೆ ಬಂದ ಅಳತೆಯದ್ದೇ ಇರಲಿ, ಒಳಗೆ ಗಾಳಿ ಆಡುವ ವೆಂಟಿಲೇಟೆಡ್ ಇರಲಿ, ಸಿಕ್ಕಿದರೆ ಹೈ ಕಾರ್ಬನ್ (ಕಬ್ಬಿಣದಲ್ಲಿ ಇಂಗಾಲ ಜಾಸ್ತಿ ಇರುವಂಥದ್ದು), ಮೇಲೆ ತುಕ್ಕು ತಡೆಯುವ ಕೋಟಿಂಗ್. ಉಳಿದ ದುಡ್ಡು ಡಿಸ್ಕನ್ನು ಎರಡು ಬದಿಯಿಂದ ಒತ್ತಿ ಹಿಡಿಯುವ ಪ್ಯಾಡ್‌ಗೂ ಬ್ರೇಕ್ ಆಯಿಲ್‌ಗೂ ಹೋಗಲಿ. ಇಷ್ಟು ಹೇಳಿದರೆ ಎದುರಿನವರ ಮುಖ ಸಣ್ಣದಾಗುತ್ತದೆ. ಅಲಾಯ್ ಒಳಗಿಂದ ತೂತು ಕಾಣಬೇಕು ಅಂತ ಆಸೆ ಇರುತ್ತದಲ್ಲ, ಅದು ನನಗೂ ಗೊತ್ತು.

ಡಿಸ್ಕ್‌ನ ಕೆಲಸ ಎಂತ ಅಂತ ಮೊದಲು ನೋಡುವಾ. ಅದು ಪ್ಯಾಡ್ ಉಜ್ಜಲಿಕ್ಕೆ ಇರುವ ಬರೀ ತಟ್ಟೆ ಅಲ್ಲ. ಬ್ರೇಕ್ ಹಿಡಿದಾಗ ಕಾರಿನ ಓಟವೆಲ್ಲ ಬಿಸಿಯಾಗಿ ಬಂದು ಕೂರುವುದು ಅದರ ಮೈಯಲ್ಲಿ. 1500 ಕೆಜಿಯ ಕಾರು 100 ಕಿ.ಮೀ. ವೇಗದಲ್ಲಿದ್ದಾಗ ಪೂರ್ತಿ ನಿಲ್ಲಿಸಿದರೆ ಸುಮಾರು 580 ಕಿಲೋಜೌಲ್ ಶಕ್ತಿ ಬಿಸಿಯಾಗುತ್ತದೆ. ಅದರಲ್ಲಿ 70 ಶೇಕಡಾದಷ್ಟು ಮುಂದಿನ ಎರಡು ಚಕ್ರಕ್ಕೆ. ಒಂದೊಂದು ಡಿಸ್ಕ್ 8 ಕೆಜಿ ಅಂತ ಇಟ್ಟುಕೊಂಡರೆ, ಆ ಒಂದು ಬ್ರೇಕಿಗೇ ಅದರ ಬಿಸಿ 50 ಡಿಗ್ರಿಯಷ್ಟು ಏರುತ್ತದೆ. 140ರಿಂದ ನಿಲ್ಲಿಸಿದರೆ ಹತ್ತಿರ ಹತ್ತಿರ ಅದರ ಎರಡು ಪಟ್ಟು, ಯಾಕೆಂದರೆ ಇಲ್ಲಿ ಲೆಕ್ಕಕ್ಕೆ ಬರುವುದು ವೇಗ ಅಲ್ಲ, ವೇಗದ ವರ್ಗ. ತಲಪಾಡಿಯಿಂದ ಚೆಂಗಳದವರೆಗೆ ಹೈವೇ ಆರು ಪಥ ಆದ ಮೇಲೆ ನಮ್ಮ ಹುಡುಗರ ಬಲಗಾಲು ಭಾರ ಆಗಿದೆ. ಬ್ರೇಕಿನ ಕೆಲಸವೂ ಅದೇ ಲೆಕ್ಕದಲ್ಲಿ ಜಾಸ್ತಿ ಆಗಿದೆ.

ಆದರೆ ನಮ್ಮ ಕಡೆ ಡಿಸ್ಕ್‌ಗೆ ನಿಜವಾದ ಪರೀಕ್ಷೆ ಹೈವೇ ಅಲ್ಲ, ಘಾಟಿ. ಮಡಿಕೇರಿ ಇರುವುದು ಸಮುದ್ರ ಮಟ್ಟದಿಂದ 1100 ಮೀಟರಿಗೂ ಮೇಲೆ. ಅಲ್ಲಿಂದ ಸಂಪಾಜೆ ದಾಟಿ ಸುಳ್ಯ ಮುಟ್ಟುವಷ್ಟರಲ್ಲಿ 1000 ಮೀಟರಿನಷ್ಟು ಇಳಿದಿರುತ್ತೀರಿ. ಅದೇ 1500 ಕೆಜಿಯ ಕಾರು ಅಷ್ಟು ಇಳಿದರೆ, 100 ಕಿ.ಮೀ. ವೇಗದಿಂದ 25 ಸಲ ನಿಲ್ಲಿಸಿದಷ್ಟು ಶಕ್ತಿ ಎಲ್ಲಿಗಾದರೂ ಹೋಗಬೇಕು. ಗೇರ್ ಇಳಿಸಿ ಎಂಜಿನ್ನೇ ಕಾರನ್ನು ತಡೆಯುವಂತೆ ಮಾಡಿದರೆ, ಅಂದರೆ ಎಂಜಿನ್ ಬ್ರೇಕಿಂಗ್ ಬಳಸಿದರೆ, ದೊಡ್ಡ ಪಾಲು ಅಲ್ಲಿ ಹೋಗುತ್ತದೆ. ಆಟೋಮ್ಯಾಟಿಕ್ ಗೇರ್ ಡಿ-ಯಲ್ಲಿ ಬಿಟ್ಟು, ಕಾಲು ಬ್ರೇಕ್ ಮೇಲೆ ಇಟ್ಟುಕೊಂಡೇ ಇಳಿಯುವವರು ಇರುತ್ತಾರೆ, ಅವರದ್ದು ಪೂರ್ತಿ ಡಿಸ್ಕ್‌ಗೇ. ಸ್ಟಿಯರಿಂಗ್ ಹಿಂದೆ ಗೇರ್ ಬದಲಿಸುವ ಪ್ಯಾಡಲ್ ಕೊಟ್ಟಿರುವುದು ಬರೀ ಶೋಗೆ ಅಲ್ಲ ಮಾರ್ರೆ.

ಈಗ ತೂತಿನ ವಿಷಯ. ಡಿಸ್ಕ್ ಮಾಡುವುದು ಬೀಡು ಕಬ್ಬಿಣದಲ್ಲಿ, ಅಜ್ಜಿ ದೋಸೆ ಹೊಯ್ಯುತ್ತಿದ್ದ ಕಾವಲಿಯ ಅದೇ ಬೀಡು. ದಪ್ಪ ಕಾವಲಿ ನಿಧಾನಕ್ಕೆ ಕಾಯುತ್ತದೆ, ಹಿಟ್ಟು ಬಿದ್ದರೂ ಬಿಸಿ ಹಿಡಿದಿಟ್ಟುಕೊಳ್ಳುತ್ತದೆ. ತೆಳು ತವಾ ಎರಡು ನಿಮಿಷದಲ್ಲಿ ಹೊಗೆ ಕಾರುತ್ತದೆ. ಡಿಸ್ಕ್‌ನಲ್ಲೂ ತೂಕವೇ ಆಸ್ತಿ. ತೂತು ಕೊರೆದರೆ ಕಬ್ಬಿಣ ಕಡಿಮೆ, ಅಂದರೆ ಅದೇ ಬ್ರೇಕಿಗೆ ಬಿಸಿ ಜಾಸ್ತಿ. "ಆದ್ರೆ ತೂತಿನಿಂದ ಗಾಳಿ ಹೋಗಿ ತಣ್ಣಗಾಗ್ತದಲ್ಲ?" ಅಂತ ಕೇಳುತ್ತಾರೆ. ಗಾಳಿ ಹೋಗುವ ದಾರಿ ಬೇರೆ. ವೆಂಟಿಲೇಟೆಡ್ ಡಿಸ್ಕ್‌ನ ಎರಡು ಪದರದ ನಡುವೆ ರೆಕ್ಕೆಗಳಿರುತ್ತವೆ. ಚಕ್ರ ತಿರುಗುವಾಗ ಅವು ನಡುವಿನಿಂದ ಗಾಳಿ ಎಳೆದು ಅಂಚಿಗೆ ಎಸೆಯುತ್ತವೆ. ತಣ್ಣಗಾಗುವುದು ಮುಖ್ಯವಾಗಿ ಅಲ್ಲಿ.

ಹಾಗಾದರೆ ರೇಸ್ ಕಾರಿಗೆ ಯಾಕೆ ತೂತು ಕೊರೆಯುತ್ತಿದ್ದರು? ಆ ಕಾಲದ ಪ್ಯಾಡ್‌ಗಳು ಬಿಸಿಯಾದರೆ ಗ್ಯಾಸ್ ಬಿಡುತ್ತಿದ್ದವು. ಅದು ಪ್ಯಾಡ್‌ಗೂ ಡಿಸ್ಕ್‌ಗೂ ನಡುವೆ ಸಿಕ್ಕಿಕೊಂಡು ಹಿಡಿತ ತಪ್ಪುತ್ತಿತ್ತು. ತೂತು ಇದ್ದರೆ ಗ್ಯಾಸ್‌ಗೆ ಹೊರಗೆ ಹೋಗಲು ದಾರಿ. ಈಗಿನ ಪ್ಯಾಡ್‌ಗಳಲ್ಲಿ ಆ ತೊಂದರೆ ತೀರಾ ಕಡಿಮೆ. ಮಳೆಯಲ್ಲಿ ನೀರಿನ ಪದರ ಒಡೆಯುತ್ತದೆ ಎನ್ನುವುದು ಇನ್ನೊಂದು ವಾದ, ಅದರಲ್ಲಿ ಸತ್ಯ ಇದೆ, ನಮ್ಮ ಜೂನ್ ತಿಂಗಳಿಗೆ ಉಪಯೋಗಕ್ಕೂ ಬರಬಹುದು. ಆದರೆ ಈಗಿನ ಸುಮಾರು ಜರ್ಮನ್ ಕಾರುಗಳಲ್ಲಿ ವೈಪರ್ ಓಡುತ್ತಿರುವಾಗ ಕಾರೇ ಆಗಾಗ ಪ್ಯಾಡನ್ನು ಮೆಲ್ಲಗೆ ತಾಗಿಸಿ ಡಿಸ್ಕ್ ಒರೆಸಿಕೊಳ್ಳುತ್ತದೆ. ನಿಮಗೆ ಗೊತ್ತೂ ಆಗುವುದಿಲ್ಲ.

ಒಂದು ಮಾತು ಸ್ಪಷ್ಟ ಮಾಡಬೇಕು. ನಿಮ್ಮದು ಪೋರ್ಶೆಯೋ ಮರ್ಸಿಡಿಸ್ ಎಎಂಜಿಯೋ ಆಗಿದ್ದು, ಫ್ಯಾಕ್ಟರಿಯಿಂದಲೇ ತೂತಿನ ಡಿಸ್ಕ್ ಬಂದಿದ್ದರೆ ಅದನ್ನೇ ಹಾಕಿ. ಅದನ್ನು ತೂತಿನ ಲೆಕ್ಕ ಇಟ್ಟುಕೊಂಡೇ ವಿನ್ಯಾಸ ಮಾಡಿರುತ್ತಾರೆ. ನಾನು ಬೇಡ ಅನ್ನುವುದು ಮಾಮೂಲಿ ಪ್ಲೇನ್ ಡಿಸ್ಕನ್ನು ಡ್ರಿಲ್ ಮೆಷಿನ್‌ಗೆ ಕೊಟ್ಟು ಸಾಲಾಗಿ ಕೊರೆದು, ಪೆಟ್ಟಿಗೆಗೆ ಹಾಕಿ ಮಾರುವ ಮಾಲನ್ನು. ಬೆರಳು ತೂತಿನ ಅಂಚಿಗೆ ತಾಗಿಸಿ ನೋಡಿ. ಅಂಚು ಕತ್ತಿಯ ಹಾಗೆ ಚೂಪಾಗಿದ್ದರೆ ಅಲ್ಲೇ ವಾಪಸ್ ಕೊಡಿ, ಬಿರುಕು ಶುರುವಾಗುವುದು ಅಲ್ಲಿಂದಲೇ. ಹಳೆಯದಾದ ಮೇಲೆ ಮೇಲ್ಮೈಯಲ್ಲಿ ಕೂದಲೆಳೆಯಂಥ ಸಣ್ಣ ಗೆರೆಗಳು ಕಂಡರೆ ಅಷ್ಟು ಹೆದರಬೇಕಾಗಿಲ್ಲ. ಉಗುರಿಗೆ ಸಿಕ್ಕಿಕೊಳ್ಳುವಷ್ಟು ಆಗಿದ್ದರೆ, ಒಂದು ತೂತಿನಿಂದ ಇನ್ನೊಂದಕ್ಕೆ ಹಬ್ಬಿದ್ದರೆ, ಹೊರ ಅಂಚು ಮುಟ್ಟಿದ್ದರೆ, ಆ ಡಿಸ್ಕ್ ಗುಜರಿಗೆ.

ಗೀರಿನದ್ದು, ಅಂದರೆ ಸ್ಲಾಟೆಡ್, ಸ್ವಲ್ಪ ಬೇರೆ. ಗೀರು ಪ್ಯಾಡ್‌ನ ಮೇಲ್ಮೈಯನ್ನು ಕೆರೆದು ಹೊಸದಾಗಿ ಇಡುತ್ತದೆ, ಡಿಸ್ಕ್‌ನ ತೂಕವೂ ಹೆಚ್ಚು ಕಡಿಮೆ ಆಗುವುದಿಲ್ಲ. ಬೆಲೆ ಕೊಡುವುದು ಪ್ಯಾಡ್: ಬೇಗ ತೇಯುತ್ತದೆ, ಜೋರಾಗಿ ಬ್ರೇಕ್ ಹಿಡಿದಾಗ ಗುರ್ ಅನ್ನುವ ಸದ್ದು ಬರುತ್ತದೆ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಟ್ರ್ಯಾಕ್ ಡೇಗೆ (ಸ್ವಂತ ಕಾರನ್ನು ರೇಸ್ ಟ್ರ್ಯಾಕ್‌ನಲ್ಲಿ ಓಡಿಸುವ ದಿನ) ಹೋಗುವವರು ನಮ್ಮಲ್ಲೂ ಕೆಲವರು ಇದ್ದಾರೆ, ಅವರಿಗೆ ನಾನೇ ಸ್ಲಾಟೆಡ್ ಹಾಕಿ ಕೊಡುತ್ತೇನೆ. ಬದಿಯಡ್ಕ ಪೇಟೆಗೆ ಮೀನು ತರಲು ಹೋಗುವ ಕಾರಿಗೆ ಬೇಡ.

ಬೀಡಿನ ಬದಲು ಕಾರ್ಬನ್ ಸಿರಾಮಿಕ್‌ನಲ್ಲಿ ಮಾಡಿದ ಡಿಸ್ಕ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪೋರ್ಶೆ 2001ರಲ್ಲಿ 911 ಜಿಟಿ2ಗೆ ಅದನ್ನು ಕೊಟ್ಟಿತು. ತೂಕ ಬೀಡಿನದರ ಅರ್ಧದಷ್ಟು, ತುಕ್ಕಿಲ್ಲ, ಬಿಸಿಗೆ ಬಗ್ಗುವುದಿಲ್ಲ. ಕೊಳ್ಳುವ ಶಕ್ತಿ ಇದ್ದವರು ನನ್ನನ್ನು ಕೇಳುವುದಿಲ್ಲ.

ದೊಡ್ಡ ಡಿಸ್ಕ್ ಹಾಕಿದರೆ ಕಾರು ಬೇಗ ನಿಲ್ಲುತ್ತದೆ ಅನ್ನುವುದು ಇನ್ನೊಂದು ನಂಬಿಕೆ. ಒಂದು ಸಲದ ಬ್ರೇಕ್‌ನಲ್ಲಿ ಕಾರನ್ನು ನಿಲ್ಲಿಸುವುದು ಟಯರ್. ಈಗಿರುವ ಡಿಸ್ಕ್‌ನಲ್ಲೇ ಪೆಡಲ್ ಒತ್ತಿದರೆ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಕಟಕಟ ಅನ್ನುತ್ತದಾ? ಹಾಗಾದರೆ ಟಯರಿನ ಹಿಡಿತ ಅಲ್ಲಿಗೇ ಮುಗಿಯಿತು, ಡಿಸ್ಕ್ ಎಷ್ಟು ದೊಡ್ಡದಾದರೂ ಅಷ್ಟೇ. ದೊಡ್ಡ ಡಿಸ್ಕ್‌ನ ಲಾಭ ಹತ್ತನೇ ಬ್ರೇಕ್‌ನಲ್ಲಿ, ಹದಿನೈದನೇ ಬ್ರೇಕ್‌ನಲ್ಲಿ, ಬಿಸಿ ಏರಿದ ಮೇಲೆ. ಮುಂದಿನದ್ದು ಮಾತ್ರ ದೊಡ್ಡದು ಮಾಡಿದರೆ ಹಿಂದು ಮುಂದಿನ ಸಮತೋಲ ತಪ್ಪುತ್ತದೆ, ಹಳೆಯ ಚಕ್ರ ಒಳಗೆ ಕೂರದೇ ಹೋಗಬಹುದು. ಹೆಚ್ಚಿನವರಿಗೆ ಹೊಸ ಟಯರಿಗೆ ಹಾಕಿದ ದುಡ್ಡೇ ಸಾರ್ಥಕ.

ಇನ್ನು ಕೊಳ್ಳುವಾಗ. ಬರೀ ಮಾಡೆಲ್ ಹೆಸರು ಹೇಳಿ ಆರ್ಡರ್ ಮಾಡಬೇಡಿ. ಒಂದೇ ಮಾಡೆಲ್‌ಗೆ ಎರಡು ಮೂರು ಅಳತೆ ಇರುತ್ತದೆ. ಚಾಸಿಸ್ ನಂಬರ್ ಕೊಡಿ. ಫೋಕ್ಸ್‌ವ್ಯಾಗನ್, ಸ್ಕೋಡಾ ಆದರೆ ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿಯ ಹತ್ತಿರ ಒಂದು ಸ್ಟಿಕರ್ ಇರುತ್ತದೆ, ಅದರಲ್ಲಿರುವ ಪಿಆರ್ ಕೋಡ್ ಯಾವ ಬ್ರೇಕ್ ಅಂತ ಹೇಳುತ್ತದೆ. ಗಲ್ಫಿನಿಂದ ಅಣ್ಣನೋ ಭಾವನೋ ತರುತ್ತಾರೆ ಅಂದರೆ ಈ ನಂಬರ್ ನೋಡಿಯೇ ತರಿಸಿ, ಅಲ್ಲಿನ ಅದೇ ಕಾರಿಗೆ ಬೇರೆ ಅಳತೆಯ ಬ್ರೇಕ್ ಇರಬಹುದು. ಜೊತೆಗೆ, ಸ್ವಲ್ಪ ದೊಡ್ಡ ಕಾರಿನ ಎರಡು ಡಿಸ್ಕ್ ಅಂದರೆ 20 ಕೆಜಿ, ಆ ಮೇಲೆ ಖರ್ಜೂರ ಬರಲಿಲ್ಲ ಅಂತ ಅತ್ತಿಗೆ ಬೈದರೆ ನಾನಲ್ಲ.

ಬ್ರೆಂಬೊ, ಝಿಮ್ಮರ್‌ಮನ್, ಎಟಿಇ, ಟಿಆರ್‌ಡಬ್ಲ್ಯೂ ಈ ಕಂಪನಿಗಳದ್ದು ಯಾವುದಾದರೂ ಸರಿ, ಅಸಲಿ ಆಗಿರಬೇಕು ಅಷ್ಟೇ. ಯುರೋಪಿನಲ್ಲಿ ಬದಲಿ ಡಿಸ್ಕ್‌ಗಳಿಗೆ ಆರ್90 ಅಂತ ಒಂದು ನಿಯಮ ಉಂಟು. ಅದರಲ್ಲಿ ಪಾಸಾದ ಡಿಸ್ಕ್ ಮೇಲೆ ವೃತ್ತದೊಳಗೆ ಇ ಅಕ್ಷರ, ಪಕ್ಕದಲ್ಲಿ 90ಆರ್ ಅಂತ ಕೆತ್ತಿರುತ್ತದೆ. ಅದನ್ನು ಹುಡುಕಿ. ಇನ್ನೊಂದು ಉಪಾಯ, ತಕ್ಕಡಿಯಲ್ಲಿ ತೂಗುವುದು. ನಕಲಿ ಮಾಡುವವರು ಉಳಿಸುವುದು ಕಬ್ಬಿಣದಲ್ಲೇ. ಒಳಗಿನ ರೆಕ್ಕೆ ಕಡಿಮೆ, ಪದರ ತೆಳು. ಹೊರಗಿಂದ ಎರಡೂ ಒಂದೇ ಥರ ಕಾಣುತ್ತವೆ, ತೂಕ ಮಾತ್ರ ಸುಳ್ಳು ಹೇಳುವುದಿಲ್ಲ.

ರೆಕ್ಕೆಗಳು ಬಾಗಿರುವ ಡಿಸ್ಕ್ ಆದರೆ ಎಡ ಬಲ ಬೇರೆ ಬೇರೆ. ಇದರಲ್ಲಿ ತಪ್ಪು ಮಾಡುವ ಮೆಕ್ಯಾನಿಕ್‌ಗಳು ಬೇಕಾದಷ್ಟು. ಮೇಲಿನ ಗೀರು ನೋಡಿ ದಿಕ್ಕು ತೀರ್ಮಾನ ಮಾಡುತ್ತಾರೆ. ನೋಡಬೇಕಾದ್ದು ಒಳಗಿನ ರೆಕ್ಕೆಯನ್ನು: ಚಕ್ರ ಮುಂದಕ್ಕೆ ಉರುಳುವಾಗ ಅದರ ಹೊರ ತುದಿ ಹಿಂದಕ್ಕೆ ಬಾಗಿರಬೇಕು. ಉಲ್ಟಾ ಕೂತರೆ ಗಾಳಿ ಸರಿಯಾಗಿ ಎಸೆಯುವುದಿಲ್ಲ.

ಬದಲಿಸಲೇಬೇಕಾ ಅಂತಲೂ ಮೊದಲು ನೋಡಿ. ಡಿಸ್ಕ್ ಮೇಲೆಯೇ "ಮಿನ್ ಟಿಎಚ್" ಅಂತ ಕನಿಷ್ಠ ದಪ್ಪ ಬರೆದಿರುತ್ತದೆ. ವರ್ನಿಯರ್‌ನಲ್ಲಿ ಅಳೆದರೆ ಮೋಸ ಹೋಗುತ್ತೀರಿ, ಯಾಕೆಂದರೆ ಅಂಚಿನಲ್ಲಿ ಪ್ಯಾಡ್ ತಾಗದೆ ಉಳಿದ ಏಣು ಇರುತ್ತದೆ, ವರ್ನಿಯರ್ ಅದನ್ನೇ ಅಳೆಯುತ್ತದೆ. ಮೈಕ್ರೋಮೀಟರ್ ಹಿಡಿದು ಅಂಚಿನಿಂದ ಒಂದು ಸೆಂಟಿಮೀಟರ್ ಒಳಗೆ, ಸುತ್ತಲೂ ಹಲವು ಕಡೆ ಅಳೆಯಬೇಕು. ಸ್ಟಿಯರಿಂಗ್ ಅದುರುತ್ತದೆ, ಡಿಸ್ಕ್ ಬೆಂಡ್ ಆಗಿದೆ ಅಂತ ಬರುವ ಕಾರುಗಳಲ್ಲಿ ಹೆಚ್ಚಿನವು ಬೆಂಡ್ ಆಗಿರುವುದೇ ಇಲ್ಲ. ಪ್ಯಾಡ್‌ನ ಮಾಲು ಅಲ್ಲಲ್ಲಿ ಅಂಟಿಕೊಂಡಿರುತ್ತದೆ. ಆರು ಪಥದಲ್ಲಿ ಹಾರಿಕೊಂಡು ಬಂದು, ತಲಪಾಡಿ ಟೋಲ್‌ನಲ್ಲಿ ಒಮ್ಮೆಗೇ ನಿಲ್ಲಿಸಿ, ಕಾದ ಡಿಸ್ಕ್ ಮೇಲೆ ಪ್ಯಾಡ್ ಒತ್ತಿ ಹಿಡಿದು ನಿಂತರೆ ಅಲ್ಲೇ ಅಚ್ಚು ಬೀಳುತ್ತದೆ. ಅಥವಾ ಹಿಂದಿನ ಸಲ ಡಿಸ್ಕ್ ಹಾಕುವಾಗ ಹಬ್‌ನ (ಡಿಸ್ಕ್ ಕೂರುವ ನಡುವಿನ ಭಾಗ) ತುಕ್ಕು ತೆಗೆದಿರುವುದಿಲ್ಲ. ಅಲ್ಲಿ ಉಳಿದ ಒಂದು ಚೂರು ತುಕ್ಕಿನಿಂದಲೇ ಡಿಸ್ಕ್‌ನ ಅಂಚಿನಲ್ಲಿ ದೊಡ್ಡ ಓಲಾಟ ಆಗುತ್ತದೆ. ವೈರ್ ಬ್ರಶ್ ಹಾಕಿ ಉಜ್ಜಿ, ಓಲಾಟ ಅಳೆಯುವ ಡಯಲ್ ಗೇಜ್ ಇಟ್ಟು ನೋಡಿ, ಚಕ್ರದ ಬೋಲ್ಟನ್ನು ಟಾರ್ಕ್ ರೆಂಚ್‌ನಲ್ಲೇ ಎದುರು ಬದುರಾಗಿ ಬಿಗಿಯುವವರ ಹತ್ತಿರ ಕೆಲಸ ಮಾಡಿಸಿ. ಡಿಸ್ಕ್ ಮೇಲೆ ನೀಲಿ ಕಲೆ ಬಿದ್ದಿದ್ದರೆ ಅದು ಅತಿಯಾಗಿ ಕಾದದ್ದರ ಗುರುತು. ಅಲ್ಲಿ ಕಬ್ಬಿಣ ಗಟ್ಟಿಯಾಗಿ ಒಳಗಿನವರೆಗೂ ಇಳಿದಿದ್ದರೆ ಲೇತ್‌ಗೆ ಹಾಕಿಸಿ ಪ್ರಯೋಜನ ಇಲ್ಲ.

ಗಲ್ಫಿನಲ್ಲಿದ್ದು ಊರಲ್ಲಿ ಕಾರು ಬಿಟ್ಟವರಿಗೆ ಬೇರೆಯೇ ತಾಪತ್ರಯ. ಉಪ್ಪಳ, ಕುಂಬಳೆ, ಕಾಸರಗೋಡು, ಎಲ್ಲವೂ ಕಡಲ ಬದಿ, ಉಪ್ಪುಗಾಳಿ. ಒಂದು ಮಳೆಗಾಲ ಪೂರ್ತಿ ಕಾರು ಕದಲದೆ ನಿಂತರೆ ಪ್ಯಾಡ್ ಇದ್ದ ಜಾಗ ಬಿಟ್ಟು ಉಳಿದದ್ದೆಲ್ಲ ಕೆಂಪು. ಚಕ್ರ ತೆಗೆದರೆ ಪ್ಯಾಡ್‌ನ ಆಕಾರ ಹಾಗೇ ಅಚ್ಚೊತ್ತಿದಂತೆ ಕಾಣುತ್ತದೆ. ರಾತ್ರಿ ಮಳೆಗೆ ಹಿಡಿದ ತುಕ್ಕು ಬೆಳಿಗ್ಗೆ ನಾಲ್ಕು ಬ್ರೇಕಿಗೆ ಹೋಗುತ್ತದೆ, ಇದು ಹೋಗುವುದಿಲ್ಲ, ಗುಂಡಿ ಬಿದ್ದಿರುತ್ತದೆ. ಹ್ಯಾಂಡ್ ಬ್ರೇಕ್ ಎಳೆಯದೆ ಗೇರ್‌ನಲ್ಲಿಟ್ಟು ಚಕ್ರಕ್ಕೆ ಅಡ್ಡ ಕೊಟ್ಟು ಹೋಗಿ, ಮನೆಯವರಿಗೆ ವಾರಕ್ಕೊಮ್ಮೆ ಕಾರು ಓಡಿಸಲು ಹೇಳಿ. ಕೋಟಿಂಗ್ ಇರುವ ಡಿಸ್ಕ್ ತಗೊಳ್ಳಿ ಅಂದದ್ದು ಇದಕ್ಕೇ. ಪ್ಯಾಡ್ ಉಜ್ಜುವಲ್ಲಿ ಕೋಟಿಂಗ್ ಹೋಗಿಬಿಡುತ್ತದೆ, ಆದರೆ ನಡುವಿನ ಟೋಪಿ, ಅಂಚು, ಒಳಗಿನ ರೆಕ್ಕೆಗಳಲ್ಲಿ ಉಳಿಯುತ್ತದೆ.

ಬ್ರೇಕ್ ಆಯಿಲ್ ಮರೆಯಬೇಡಿ. ಡಾಟ್ 4 ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು, ನೀರು ಹೀರಿಕೊಂಡ ಮೇಲೆ ಆ ಮಟ್ಟ 155ಕ್ಕೆ ಇಳಿಯಬಹುದು. ನಮ್ಮ ಹವೆಯಲ್ಲಿ ನೀರಿಗೇನು ಬರವಾ? ಘಾಟಿಯಲ್ಲಿ ಪೆಡಲ್ ಹತ್ತಿ ತುಳಿದ ಹಾಗೆ ಮೆತ್ತಗಾಗಿ ಕೆಳಗೆ ಹೋಯಿತು ಅಂದರೆ ಡಿಸ್ಕ್‌ಗೆ ಬಯ್ಯಬೇಡಿ, ಆಯಿಲ್ ಕುದಿದಿದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ.

ಹಾಕುವುದು ಯಾವತ್ತೂ ಜೋಡಿ, ಎಡ ಬಲ ಎರಡೂ, ಹೊಸ ಪ್ಯಾಡ್ ಜೊತೆ. ಹಾಕಿದ ಮೇಲೆ ಬೆಡ್ಡಿಂಗ್ ಮಾಡಬೇಕು, ಅಂದರೆ ಹೊಸ ಪ್ಯಾಡ್‌ ಮತ್ತು ಡಿಸ್ಕ್ ಒಂದಕ್ಕೊಂದು ಹೊಂದಿಕೊಳ್ಳುವಂತೆ ಮಾಡುವುದು. ಬೆಳಿಗ್ಗೆ ಬೇಗ, ಹಿಂದೆ ಗಾಡಿ ಇಲ್ಲದ ಕಡೆ, 60ರಿಂದ 10ಕ್ಕೆ ಗಟ್ಟಿಯಾಗಿ ಇಳಿಸಿ, ಪೂರ್ತಿ ನಿಲ್ಲಿಸದೆ ಮತ್ತೆ ವೇಗ ಹಿಡಿಯಿರಿ. ಹೀಗೆ ಎಂಟು ಹತ್ತು ಸಲ. ಆಮೇಲೆ ಬ್ರೇಕ್ ಆದಷ್ಟು ಮುಟ್ಟದೆ ಕೆಲವು ಕಿಲೋಮೀಟರ್ ಓಡಿಸಿ ತಣ್ಣಗಾಗಲು ಬಿಡಿ. ಪ್ಯಾಡ್ ತಯಾರಿಸಿದವರು ಬೇರೆ ಕ್ರಮ ಹೇಳಿದ್ದರೆ ಅದನ್ನೇ ಅನುಸರಿಸಿ. ಬೆಡ್ಡಿಂಗ್ ಮಾಡುವಾಗ ಸುಟ್ಟ ವಾಸನೆ ಬರುತ್ತದೆ, ಸ್ವಲ್ಪ ಹೊಗೆಯೂ ಕಾಣಬಹುದು. ಅದು ಸಹಜ, ಅಷ್ಟಕ್ಕೆ ನನಗೆ ಫೋನ್ ಮಾಡಬೇಕಾಗಿಲ್ಲ.